ಮುಂದಿನ ಬ್ರೇಕ್ ದೊಡ್ಡದು ಮಾಡುವ ಮೊದಲು

ಪ್ರಶ್ನೆ: ಸಾರ್, ನಾನು ತೀರ್ಥಹಳ್ಳಿ ಕಡೆಯವನು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಹೋದ ವರ್ಷ 1991ರ ಮಾಜ್ದಾ ಮಿಯಾಟಾ ಕಾರು ಕೊಂಡೆ. 1.6 ಲೀಟರ್ ಇಂಜಿನ್, 14 ಇಂಚಿನ ಚಕ್ರ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಸಾಂತಾ ಕ್ರೂಜ್‌ಗೆ ಹೋಗುವ 17ನೇ ಹೆದ್ದಾರಿಯಲ್ಲಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ತುಂಬಾ ಹೆದರಿದೆ. 2001ರ ನಂತರದ ಸ್ಪೋರ್ಟ್ ಮಾಡೆಲ್‌ನ ದೊಡ್ಡ ಬ್ರೇಕನ್ನು ಮುಂದಿನ ಚಕ್ರಗಳಿಗೆ ಹಾಕಿಸು ಅಂತ ಗೆಳೆಯರು ಹೇಳುತ್ತಾರೆ. ಹಾಕಿಸಲಾ? ತೂತು ಕೊರೆದ ಡಿಸ್ಕ್ ಒಳ್ಳೆಯದಾ?

ಉತ್ತರ: ಪೆಡಲ್ ಮೆತ್ತಗಾಯಿತು ಅಂತ ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ಅದೇ ಮುಖ್ಯ ಮಾತು. ಬಿಸಿಯಾದಾಗ ಬ್ರೇಕ್ ಕೈಕೊಡುವುದು ಎರಡು ಥರ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲದಿದ್ದರೆ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ. ಪೆಡಲ್ ಮೆತ್ತಗಾಗಿ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ. ನಿಮ್ಮದು ಎರಡನೆಯದು.

ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಬಿಸಿ ಅದನ್ನು ದಾಟಿದರೆ ಆಯಿಲ್‌ನೊಳಗೆ ಆವಿ ಗುಳ್ಳೆ ಏಳುತ್ತದೆ. ನೀವು ಒತ್ತಿದ್ದು ಪ್ಯಾಡಿಗೆ ತಲುಪುವ ಬದಲು ಗುಳ್ಳೆಯನ್ನು ಅಮುಕುತ್ತದೆ. ಹಳೇ ಆಯಿಲ್ ಹಾಗೇ ಬಿಟ್ಟು ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಈ ಭಯ ಹೋಗುವುದಿಲ್ಲ.

ಹಾಗಾಗಿ ಮೊದಲು ಹಳೇ ಆಯಿಲ್ ಪೂರ್ತಿ ತೆಗೆಸಿ, ಹೊಸ ಡಾಟ್ 4 ತುಂಬಿಸಿ. ಮೂವತ್ತು ವರ್ಷ ದಾಟಿದ ಗಾಡಿ, ರಬ್ಬರ್ ಹೋಸ್‌ಗಳನ್ನೂ ಬದಲಿಸಿ. ಪ್ಯಾಡ್ ಒಳ್ಳೆಯದು ಹಾಕಿ. ಗಾಡಿ ತಣ್ಣಗಿರುವಾಗಲೂ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಿದ್ದರೆ ಮಾತ್ರ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ. ಆಗ ರಿಪೇರಿ ಆಗುವವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ. ಇನ್ನು ಇಳಿಜಾರಿನ ಅಭ್ಯಾಸ. ಆಗುಂಬೆಯ 14 ತಿರುವು ಇಳಿಯುವ ಬಸ್ ಡ್ರೈವರ್‌ಗಳನ್ನು ನೋಡಿ ಬೆಳೆದವರು ನೀವು. ಮೇಲಿನಿಂದಲೇ ಗೇರ್ ಇಳಿಸಿಕೊಂಡು ಬರುತ್ತಾರೆ, ಅಲ್ವಾ? 17ನೇ ಹೆದ್ದಾರಿಗೂ ಅದೇ ಕ್ರಮ.

ಇಷ್ಟಾದ ಮೇಲೂ ದೊಡ್ಡ ಬ್ರೇಕ್ ಬೇಕು ಅನ್ನಿಸಿದರೆ ಮಿಯಾಟಾದಲ್ಲಿ ದಾರಿ ಸುಲಭ. ನಿಮ್ಮ ಮುಂದಿನ ಡಿಸ್ಕ್ 235 ಮಿ.ಮೀ. ಅಗಲ, 18 ಮಿ.ಮೀ. ದಪ್ಪ. 1994ರಲ್ಲಿ 1.8 ಲೀಟರ್ ಇಂಜಿನ್ ಬಂದಾಗ ಮಾಜ್ದಾದವರೇ ಅದನ್ನು 255 ಅಗಲ, 20 ದಪ್ಪ ಮಾಡಿದರು. 2001ರ ಸ್ಪೋರ್ಟ್‌ನದು 270. ಅಗಲ ಹೆಚ್ಚಾದರೆ ಪ್ಯಾಡ್ ಹಿಡಿಯುವ ಜಾಗ ಚಕ್ರದ ನಡುವಿನಿಂದ ದೂರ ಹೋಗುತ್ತದೆ. ಉದ್ದ ಹಿಡಿಯ ಸ್ಪ್ಯಾನರಿನಿಂದ ನಟ್ ತಿರುಗಿಸಿದ ಹಾಗೆ, ಅಷ್ಟೇ ಬಲಕ್ಕೆ ಜಾಸ್ತಿ ಕೆಲಸ. ಕಬ್ಬಿಣ ಜಾಸ್ತಿ ಇರುವುದರಿಂದ ಬಿಸಿಯೂ ನಿಧಾನಕ್ಕೆ ಏರುತ್ತದೆ.

ನಿಮಗೆ ನಾನು ಹೇಳುವುದು 1.8ರ ಬ್ರೇಕ್. ಅದು ನಿಮ್ಮ 14 ಇಂಚಿನ ಚಕ್ರದೊಳಗೆ ಕೂರುತ್ತದೆ. ಸ್ಪೋರ್ಟ್‌ನದಕ್ಕೆ 15 ಇಂಚಿನ ಚಕ್ರ, ಹೊಸ ಟೈರ್ ಎಲ್ಲ ಬೇಕು. 1994ರಿಂದ 97ರವರೆಗಿನ ಗಾಡಿಯಿಂದ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮತ್ತು ಅದರ ಬ್ರಾಕೆಟ್ ಜೊತೆಗೇ ತನ್ನಿ, ಡಿಸ್ಕ್ ಮತ್ತು ಪ್ಯಾಡ್ ಹೊಸದು ಕೊಳ್ಳಿ. ಡಿಸ್ಕ್ ಹಿಂದಿರುವ ತಗಡನ್ನು ತಾಗದಂತೆ ಸ್ವಲ್ಪ ಬಗ್ಗಿಸಬೇಕಾಗುತ್ತದೆ ಅಥವಾ ಕತ್ತರಿಸಬೇಕಾಗುತ್ತದೆ.

ಹಿಂದಿನ ಚಕ್ರಗಳ ಬ್ರೇಕನ್ನೂ ಜೊತೆಗೇ ಬದಲಿಸಿ. ಇದನ್ನು ಒತ್ತಿ ಹೇಳುತ್ತೇನೆ. ನನ್ನ 1990ರ ಗಾಡಿಗೆ ಮುಂದೆ ಮಾತ್ರ ದೊಡ್ಡ ಡಿಸ್ಕ್ ಹಾಕಿದ್ದೆ. ಒಣ ರಸ್ತೆಯಲ್ಲಿ ಖುಷಿಯಾಗಿತ್ತು. ಒಂದು ಮಳೆಯ ಸಂಜೆ ಸಿಗ್ನಲ್ ಬಳಿ ಬ್ರೇಕ್ ಒತ್ತಿದೆ. ಮುಂದಿನ ಎರಡೂ ಚಕ್ರ ಕಚ್ಚಿಕೊಂಡವು, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಜಾರುತ್ತಾ ಹೋಯಿತು. ದಾಟುತ್ತಿದ್ದ ಹೆಂಗಸೊಬ್ಬರು ಹಿಂದಕ್ಕೆ ಹಾರಿದರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಕೊನೆಗೆ ಗಾಡಿ ನಿಲ್ಲಿಸುವುದು ಟೈರಿನ ಹಿಡಿತ. ಮುಂದಿನ ಬ್ರೇಕ್ ಮಾತ್ರ ಬಲವಾದರೆ ಹಿಂದಿನ ಟೈರ್ ತನ್ನ ಪಾಲಿನ ಕೆಲಸ ಮಾಡುವ ಮೊದಲೇ ಮುಂದಿನವು ಕಚ್ಚಿಕೊಳ್ಳುತ್ತವೆ. ಮರುವಾರವೇ ಹಿಂದೆ 1.8ರ 251 ಮಿ.ಮೀ. ಡಿಸ್ಕ್ ಹಾಕಿಸಿದೆ.

ಆ ಕೆಲಸ ಮಾಡಿದ ಗ್ಯಾರೇಜಿನಲ್ಲಿ ಎಡ ಬಲ ಕ್ಯಾಲಿಪರ್ ಅದಲು ಬದಲಾಗಿತ್ತು. ಗಾಳಿ ತೆಗೆಯುವ ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲಕ್ಕೇ ಏರುವುದು, ಅಲ್ವಾ? ಎರಡು ದಿನ ಪಂಪ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗೇ ಇತ್ತು. ಜೋಡಿಸಿದ ಮೇಲೆ ನಿಪ್ಪಲ್ ಮೇಲ್ಗಡೆ ಇದೆಯಾ ಅಂತ ನೀವೇ ಬಗ್ಗಿ ನೋಡಿ. ಹಿಂದಿನ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಯಾರೂ ಸುಮ್ನೆ ಅಮುಕಲು ಹೋಗಬಾರದು. ಕ್ಯಾಲಿಪರ್ ಹಿಂಬದಿಯ ಬೋಲ್ಟ್ ಮುಚ್ಚಳ ತೆಗೆದರೆ ಒಳಗೆ ಸ್ಕ್ರೂ ಇದೆ. 4 ಮಿ.ಮೀ. ಆಲನ್ ಕೀ ಹಾಕಿ ತಿರುಗಿಸಿದರೆ ಪಿಸ್ಟನ್ ಒಳಗೆ ಹೋಗುತ್ತದೆ.

ತೂತಿನ ಡಿಸ್ಕ್ ಬೇಡ. ಕಾದು ಆರಿ ಕಾದು ಆರಿ ತೂತಿನ ಅಂಚಿನಲ್ಲೇ ಬಿರುಕು ಶುರುವಾಗುತ್ತದೆ. ಸಾದಾ ಡಿಸ್ಕೇ ಸಾಕು.

ಪ್ರಶ್ನೆ: ಡಾಟ್ 4ಗಿಂತ ಡಾಟ್ 5 ಮೇಲು ಅಂತ ಅಂಗಡಿಯವರು ಹೇಳಿದರು. ಹಳೇ ಕಾರಿಗೆ ಅದನ್ನೇ ಹಾಕಲಾ?

ಉತ್ತರ: ಬೇಡ. ಡಾಟ್ 5 ಸಿಲಿಕೋನ್ ಆಯಿಲ್. ನಿಮ್ಮ ಗಾಡಿಯಲ್ಲಿರುವ ಗ್ಲೈಕಾಲ್ ಆಯಿಲ್ ಜೊತೆ ಅದು ಬೆರೆಯುವುದಿಲ್ಲ. ಡಾಟ್ 5.1 ಅಂತ ಇನ್ನೊಂದಿದೆ, ಅದು ಗ್ಲೈಕಾಲ್ ಜಾತಿಯದು, ಡಾಟ್ 4ರ ಜಾಗಕ್ಕೆ ಹಾಕಬಹುದು. ಡಬ್ಬಿಯ ಮೇಲೆ ಆ ಚುಕ್ಕೆ, ಒಂದು ಇದೆಯಾ ನೋಡಿಯೇ ದುಡ್ಡು ಕೊಡಿ.