ತಂದೆಯ ಹೋಟೆಲು, ಮಗನ ಮೆನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಬಸ್ ನಿಲ್ದಾಣದ ಎದುರು ಮೂರು ದಶಕಗಳಿಂದ ತಿಂಡಿಯ ಹೋಟೆಲು ನಡೆಸುತ್ತಿದ್ದಾರೆ. ಇಡ್ಲಿ, ವಡೆ, ಮಸಾಲೆ ದೋಸೆ, ಬನ್ಸ್, ಅವಲಕ್ಕಿ, ಕಾಫಿ ಬಿಟ್ಟರೆ ಬೇರೇನಿಲ್ಲ. ಈಗ ಗಲ್ಲಾದಲ್ಲಿ ನಾನು ಕೂರುತ್ತಿದ್ದೇನೆ. ಗೋಬಿ ಮಂಚೂರಿ, ಫ್ರೈಡ್ ರೈಸ್ ಸೇರಿಸೋಣವೆಂದರೆ ತಂದೆಯವರು ‘ಇದ್ದದ್ದು ಇದ್ದ ಹಾಗೇ ಇರಲಿ’ ಎನ್ನುತ್ತಾರೆ. ಇದು ಹಟವೋ, ವಿವೇಕವೋ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಇವೆ, ವಿವೇಕದ ಪಾಲು ಹೆಚ್ಚು. ಬೆಳಗಿನ ಮೊದಲ ಬಸ್ಸಿಳಿದು ನಿಮ್ಮಲ್ಲಿಗೆ ಬರುವ ಗಿರಾಕಿ ಹೊಸ ರುಚಿಯನ್ನು ಹುಡುಕುತ್ತಿರುವುದಿಲ್ಲ. ಬಾಗಿಲು ತೆರೆದಿರುತ್ತದೆ, ಮೊನ್ನೆ ತಿಂದ ಇಡ್ಲಿಯೇ ಇಂದೂ ಸಿಗುತ್ತದೆ, ಮುಂದಿನ ಬಸ್ಸಿಗೆ ಮೊದಲು ಕಾಫಿ ಮುಗಿಯುತ್ತದೆ ಎಂಬ ನಂಬಿಕೆಯಿಂದ ಬರುತ್ತಾನೆ. ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಹೆಸರು ಮಾಡಿದ್ದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳಂಥ ಬೆರಳೆಣಿಕೆಯ ತಿಂಡಿಗಳಿಂದಲೇ. ಅಲ್ಲಿ ಇಡ್ಲಿಗೆ ಚಟ್ನಿಯುಂಟು, ಸಾಂಬಾರಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಗಿ 1970ರಲ್ಲಿ ಬೇರೊಂದು ಕುಟುಂಬದ ಕೈಗೆ ಬಂದರೂ ಜನರು ಸಾಲುಗಟ್ಟುವುದು ಇಂದಿಗೂ ಅದೇ ಗರಿಗರಿ ಮಸಾಲೆ ದೋಸೆಗೆ. ಅಲ್ಲಿಗೆ ಶುಕ್ರವಾರ ರಜೆ. ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ. ರಜೆ ಯಾವತ್ತೆಂದು ಗಿರಾಕಿಗೆ ಬಾಯಿಪಾಠವಾಗಿರುವುದೂ ಈ ನಂಬಿಕೆಯ ಭಾಗವೇ, ಮನಸ್ಸು ಬಂದ ದಿನ ಬಾಗಿಲು ಹಾಕುವವರು ಇದನ್ನು ಮರೆಯುತ್ತಾರೆ.

ಆದರೆ ‘ಇದ್ದ ಹಾಗೇ’ ಎಂಬುದನ್ನು ಅಕ್ಷರಶಃ ಹಿಡಿದುಕೊಂಡರೆ ಅಡುಗೆಮನೆಯಲ್ಲಿ ಒಂದು ವರ್ಷವೂ ರುಚಿ ಉಳಿಯುವುದಿಲ್ಲ. ಹೊಸ ಉದ್ದಿನಬೇಳೆ ರುಬ್ಬಿದಾಗ ಚೆನ್ನಾಗಿ ಉಬ್ಬುತ್ತದೆ, ಹಳೆಯದು ಅಷ್ಟು ಉಬ್ಬುವುದಿಲ್ಲ. ಅಳತೆಯನ್ನು ಮಾತ್ರ ಒಂದೇ ಇಟ್ಟರೆ ಇಡ್ಲಿ ಗಟ್ಟಿಯಾಗುತ್ತದೆ. ಏಪ್ರಿಲ್‌ನಲ್ಲಿ ನಡುರಾತ್ರಿಗೇ ಉಕ್ಕಿ ಪಾತ್ರೆ ಮೀರುವ ಹಿಟ್ಟು ಡಿಸೆಂಬರ್‌ನಲ್ಲಿ ಬೆಳಗಾದರೂ ಹುಳಿ ಬಂದಿರುವುದಿಲ್ಲ. ಆದ್ದರಿಂದ ಬಲ್ಲ ಭಟ್ಟರು ಬೇಸಿಗೆಯಲ್ಲಿ ತಡವಾಗಿ, ತಣ್ಣನೆಯ ನೀರು ಹಾಕಿ ರುಬ್ಬುತ್ತಾರೆ. ಚಳಿಗಾಲದಲ್ಲಿ ಸಂಜೆಯೊಳಗೇ ರುಬ್ಬಿ, ಉಗುರುಬೆಚ್ಚಗಿನ ನೀರು ಬಳಸಿ, ಪಾತ್ರೆಯನ್ನು ಒಲೆಯ ಬದಿಗೆ ಸರಿಸಿಡುತ್ತಾರೆ. ತಟ್ಟೆಯಲ್ಲಿ ಬರುವ ಇಡ್ಲಿ ವರ್ಷವಿಡೀ ಒಂದೇ ಆಗಿರಬೇಕಾದರೆ ಅದನ್ನು ಮಾಡುವ ಕೈ ಋತುವಿಗೊಮ್ಮೆ ಬದಲಾಗಲೇಬೇಕು. ನಿಮ್ಮ ತಂದೆಯವರು ಇಷ್ಟು ವರ್ಷ ಇದನ್ನೇ ಮಾಡಿಕೊಂಡು ಬಂದಿರುತ್ತಾರೆ, ಅದನ್ನು ಬದಲಾವಣೆಯೆಂದು ಕರೆದಿಲ್ಲ, ಅಷ್ಟೇ.

ಹೊಸ ತಿಂಡಿ ಸೇರಿಸಲೇಬಾರದೆಂದೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದೆವೆಂದು ಎಂ.ಟಿ.ಆರ್.ನವರು ಹೇಳುತ್ತ ಬಂದಿದ್ದಾರೆ. ಅದು ಅದೇ ಒಲೆ, ಅದೇ ಕೈಗಳಿಂದ ಹುಟ್ಟಿದ ತಿಂಡಿ. ಗೋಬಿ ಮಂಚೂರಿಗೆ ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಭಟ್ಟರು ಬೇಕು, ಮತ್ತು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಮಾಡಲೇಬೇಕೆಂದಿದ್ದರೆ ಸಂಜೆ ಮಾತ್ರ, ಪ್ರತ್ಯೇಕ ಒಲೆಯಲ್ಲಿ ಮಾಡಿ. ನನ್ನನ್ನು ಕೇಳಿದರೆ ಶಿರಸಿಯಲ್ಲಿದ್ದುಕೊಂಡು ಮಂಚೂರಿಯ ಹಿಂದೆ ಹೋಗುವುದಕ್ಕಿಂತ ಮಧ್ಯಾಹ್ನಕ್ಕೆ ತಂಬುಳಿಯ ಊಟ ಇಡುವುದು ಮೇಲು. ಅದಕ್ಕೆ ತಂದೆಯವರೂ ಒಪ್ಪಿಯಾರು.

ಪ್ರಶ್ನೆ: ಹಾಲು, ಕಾಫಿಪುಡಿ, ಗ್ಯಾಸ್ ಎಲ್ಲವೂ ದುಬಾರಿಯಾಗಿವೆ. ಪಕ್ಕದ ಹೋಟೆಲಿನವರು ಇಡ್ಲಿಯ ಗಾತ್ರ ಕಡಿಮೆ ಮಾಡಿ ದರವನ್ನು ಹಾಗೇ ಇಟ್ಟಿದ್ದಾರೆ. ನಾವೂ ಹಾಗೆ ಮಾಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ನಂದಿನಿ ಹಾಲಿಗೆ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದ್ದು ನಿಮ್ಮ ಗಿರಾಕಿಯ ಮನೆಗೂ ತಟ್ಟಿದೆ. ಹೋಟೆಲಿನ 19 ಕೆ.ಜಿ. ಸಿಲಿಂಡರಿನ ದರ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಬದಲಾಗುವುದನ್ನು ಅವರು ಪತ್ರಿಕೆಯಲ್ಲಿ ಓದುತ್ತಾರೆ. ಹೀಗಾಗಿ ದರ ಏರಿಸಿದರೆ ಗೊಣಗಿದರೂ ಕಾರಣ ಅವರಿಗೆ ಗೊತ್ತಿರುತ್ತದೆ, ಇಡ್ಲಿ ಚಿಕ್ಕದಾದರೆ ಮೋಸವೆಂದುಕೊಳ್ಳುತ್ತಾರೆ. ಕಾಫಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಚಿಕೋರಿ ಸ್ವಲ್ಪ ಹೆಚ್ಚಿಸಿದರೆ, ಡಿಕಾಕ್ಷನ್ನಿಗೆ ಎರಡನೆಯ ಬಾರಿ ನೀರು ಹಾಕಿದರೆ ದಿನವೂ ಕುಡಿಯುವವರು ಮೊದಲ ಗುಟುಕಿನಲ್ಲೇ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ, ಯುಗಾದಿಯಂಥ ಗೊತ್ತಾದ ಸಮಯದಲ್ಲಿ, ಹದಿನೈದು ದಿನ ಮುಂಚೆ ಬೋರ್ಡು ಹಾಕಿ ದರ ಏರಿಸಿ.

ತುರ್ತುಪರಿಸ್ಥಿತಿಯ ದಿನಗಳಲ್ಲಿ ಹೋಟೆಲಿನ ತಿಂಡಿಯನ್ನು ತೀರಾ ಕಡಿಮೆ ದರಕ್ಕೆ ಮಾರಬೇಕೆಂಬ ಕಟ್ಟಳೆ ಬಂದಾಗ, ಎಂ.ಟಿ.ಆರ್.ನವರು ಗುಣಮಟ್ಟ ಇಳಿಸದೆ ಹೋಟೆಲನ್ನೇ ಕೆಲವು ವರ್ಷ ಮುಚ್ಚಿದರು. ಸಿದ್ಧ ಪುಡಿ ಮತ್ತು ಮಿಶ್ರಣಗಳ ವ್ಯಾಪಾರದತ್ತ ಅವರು ಹೊರಳಿದ್ದು ಆಗಲೇ. ಸಣ್ಣ ಹೋಟೆಲಿಗೆ ಅಂಥ ಹಟ ಕೈಗೆಟುಕುವುದಿಲ್ಲ, ನಿಜ. ಖರ್ಚು ಇಳಿಸಲೇಬೇಕಾದರೆ ಓಡದ ಎರಡು ತಿಂಡಿಗಳನ್ನು ಪಟ್ಟಿಯಿಂದ ತೆಗೆಯಿರಿ, ಉಳಿದವುಗಳ ತೂಕ ಮುಟ್ಟಬೇಡಿ.

ಪ್ರಶ್ನೆ: ಮಾವನವರ ಕಾಲದಿಂದ ನಮ್ಮಲ್ಲಿದ್ದ ಭಟ್ಟರು ವಯಸ್ಸಾಯಿತೆಂದು ಊರಿಗೆ ಮರಳಿದ್ದಾರೆ. ಅಂದಿನಿಂದ ಸಾಂಬಾರಿನ ರುಚಿ ದಿನಕ್ಕೊಂದು ಬಗೆ. ಅಳತೆ ಕೇಳಿದರೆ ‘ಕಣ್ಣಂದಾಜು’ ಎನ್ನುತ್ತಿದ್ದರು. ಏನು ಮಾಡಲಿ?
– ಗೃಹಿಣಿಯೊಬ್ಬರು, ಕುಂದಾಪುರ

ಉತ್ತರ: ಅವರನ್ನು ಒಂದು ವಾರದ ಮಟ್ಟಿಗೆ, ಹೋಗಿಬರುವ ಖರ್ಚು ಮತ್ತು ಗೌರವದ ಸಂಭಾವನೆ ಕೊಟ್ಟು ಕರೆಸಿಕೊಳ್ಳಿ. ಅಳತೆಯನ್ನು ಕೇಳಬೇಡಿ. ಅವರು ಹಿಡಿ ತುಂಬಿದ ಕೊತ್ತಂಬರಿ, ಮೆಂತ್ಯ, ಮೆಣಸಿನಕಾಯಿಗಳನ್ನು ಬಾಣಲೆಗೆ ಹಾಕುವ ಮೊದಲು ತಕ್ಕಡಿಯ ಮೇಲಿಡಿಸಿ, ತೂಕ ಬರೆದುಕೊಳ್ಳಿ; ಏಳು ದಿನದ ಲೆಕ್ಕ ಸೇರಿಸಿದರೆ ಅವರ ಕಣ್ಣಂದಾಜು ಎಷ್ಟು ಕರಾರುವಾಕ್ಕಾಗಿತ್ತೆಂದು ನಿಮಗೇ ಕಾಣುತ್ತದೆ. ಹುರಿಯುವ ಹದವನ್ನು ಮಾತ್ರ ಬರೆದಿಡಲಾಗದು, ಅದನ್ನು ಹೊಸ ಭಟ್ಟರ ಜೊತೆಗೆ ಮನೆಯವರೊಬ್ಬರೂ ಪಕ್ಕದಲ್ಲಿ ನಿಂತು ಕಲಿಯಬೇಕು. ಮನೆಯಲ್ಲಿ ಯಾರಿಗೂ ಬಾರದ ತಿಂಡಿಯನ್ನು ಹೋಟೆಲಿನಲ್ಲಿ ಮಾರುವುದು ಯಾವತ್ತಿದ್ದರೂ ಅಪಾಯವೇ.

ಮೆಣಸಿನಕಾಯಿಯನ್ನೂ ವಿಚಾರಿಸಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು ಕೊಡುತ್ತದೆ, ಖಾರ ಕಡಿಮೆ; ಅಂಗಡಿಯವನು ಅದರ ಬದಲು ಗುಂಟೂರಿನದನ್ನು ಬೆರೆಸಿದ್ದರೆ ಅದೇ ತೂಕಕ್ಕೆ ಸಾಂಬಾರು ಬೇರೆಯೇ ಆಗುತ್ತದೆ, ಬೈಗುಳ ಮಾತ್ರ ಹೊಸ ಭಟ್ಟರ ಪಾಲಿಗೆ. ವರ್ಷದ ಮೊದಲ ತಿಂಗಳುಗಳಲ್ಲಿ ಹೊಸ ಮಾಲು ಬಂದಾಗಲೇ ವರ್ಷಕ್ಕಾಗುವಷ್ಟನ್ನು ಕೊಂಡು ತೇವ ತಾಗದಂತೆ ಇಟ್ಟುಕೊಳ್ಳಿ. ಹಳೆಯ ಭಟ್ಟರು ಬಂದಾಗ ಬೆಳಗಿನ ಜಾವ ಬೇಳೆಗೆ ನೀರಿಡುವ ಹೊತ್ತಿಗೇ ನೀವೂ ಅಡುಗೆಮನೆಯಲ್ಲಿರಿ. ಅವರು ಬೇಳೆಯನ್ನು ಎಷ್ಟು ಕರಗಿಸುತ್ತಿದ್ದರೆಂಬುದನ್ನು ಯಾರೂ ಗಮನಿಸಿರುವುದಿಲ್ಲ.