ಸಿಬಿಲ್ 812, ಆದರೂ ಲೀಡ್ಸ್‌ನಲ್ಲಿ ಮನೆ ಸಿಗಲಿಲ್ಲ

ಪತ್ರ: ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂಎಸ್ಸಿ ಮುಗಿಸಿ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ವರ್ಷಕ್ಕೆ 29,000 ಪೌಂಡ್ ಸಂಬಳ. ತಿಂಗಳಿಗೆ 900 ಪೌಂಡ್ ಬಾಡಿಗೆಯ ಮನೆಯೊಂದನ್ನು ಒಪ್ಪಿದ್ದಳು. ಏಜೆಂಟರು ‘ರೆಫರೆನ್ಸಿಂಗ್ ಫೇಲ್’ (ಬಾಡಿಗೆದಾರರ ಹಿನ್ನೆಲೆ ತಪಾಸಣೆಯಲ್ಲಿ ಫೇಲ್) ಎಂದುಬಿಟ್ಟರು. ಮನೆ ಹಿಡಿದಿಡಲು ಕೊಟ್ಟ 207 ಪೌಂಡ್ ವಾಪಸ್ ಇಲ್ಲವಂತೆ. ಕ್ರೆಡಿಟ್ ಚೆಕ್ ಖರ್ಚು ಅಂತ ಬೇರೆ 60 ಪೌಂಡ್ ತೆಗೆದುಕೊಂಡಿದ್ದಾರೆ. ನನ್ನ ಸಿಬಿಲ್ ಸ್ಕೋರ್ 812. ನಾನೇ ಜಾಮೀನು ನಿಲ್ಲುತ್ತೇನೆ ಎಂದರೂ ಕೇಳಲಿಲ್ಲ. ಭಾರತದವರು ಎಂಬ ತಾತ್ಸಾರವೇ? ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟುಬಿಡಿ ಎನ್ನುತ್ತಾನೆ ನನ್ನ ಭಾವಮೈದ. ಅವಳ ಪರಿಚಯದವರೊಬ್ಬರು ಪೇ ಸ್ಲಿಪ್ ‘ಸ್ವಲ್ಪ ಸರಿಮಾಡಿ’ ಕೊಡುತ್ತಾರಂತೆ. ಏನು ಮಾಡಲಿ?
(ಶಿವಮೊಗ್ಗದ ಓದುಗರು, ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ದುಡ್ಡಿನ ಮಾತು ಮುಗಿಸೋಣ. ಆ 60 ಪೌಂಡ್ ತೆಗೆದುಕೊಂಡಿದ್ದೇ ತಪ್ಪು. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ‘ಟೆನೆಂಟ್ ಫೀಸ್ ಆ್ಯಕ್ಟ್’ ಜಾರಿಯಲ್ಲಿದೆ. ಕ್ರೆಡಿಟ್ ಚೆಕ್ಕಿಗೆ, ರೆಫರೆನ್ಸಿಗೆ ಬಾಡಿಗೆದಾರರ ಹತ್ತಿರ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ. ಆ ಖರ್ಚು ಮಾಲೀಕರದ್ದು ಇಲ್ಲವೇ ಏಜೆಂಟರದ್ದು.

ಇನ್ನು ಆ 207 ಪೌಂಡ್. ಅದಕ್ಕೆ ಅಲ್ಲಿ ಹೋಲ್ಡಿಂಗ್ ಡೆಪಾಸಿಟ್ ಅಂತಾರೆ. ಒಂದು ವಾರದ ಬಾಡಿಗೆಗಿಂತ ಜಾಸ್ತಿ ಇರಬಾರದು. 900ಕ್ಕೆ ಲೆಕ್ಕ ಹಾಕಿದರೆ 207 ಸರಿಯಾಗಿಯೇ ಇದೆ. ಆದರೆ ಅದನ್ನು ಇಟ್ಟುಕೊಳ್ಳಲು ಕೆಲವೇ ಕಾರಣಗಳಿವೆ: ಬಾಡಿಗೆದಾರರು ಸುಳ್ಳು ಮಾಹಿತಿ ಕೊಟ್ಟಿರಬೇಕು, ಅವರೇ ಮನೆ ಬೇಡ ಎಂದಿರಬೇಕು, ಕೇಳಿದ ಕಾಗದ ಕೊಡದೆ ಸತಾಯಿಸಿರಬೇಕು, ಇಲ್ಲವೇ ಆ ದೇಶದಲ್ಲಿ ಬಾಡಿಗೆಗಿರುವ ಹಕ್ಕೇ ಅವರಿಗೆ ಇರಬಾರದು. ಎಲ್ಲವನ್ನೂ ನಿಜ ಹೇಳಿಯೂ ಮಾಲೀಕರು ಒಪ್ಪಲಿಲ್ಲ ಎಂದರೆ 7 ದಿನದೊಳಗೆ ವಾಪಸ್ ಕೊಡಬೇಕು. ಮಗಳು ಈ ಕಾನೂನಿನ ಹೆಸರು ಹಾಕಿ ಏಜೆಂಟರಿಗೆ ಒಂದು ಇಮೇಲ್ ಕಳಿಸಲಿ. ಫೋನಿನಲ್ಲಿ ಜಗಳ ಬೇಡ, ಬರಹದಲ್ಲೇ ಇರಲಿ. ಜಗ್ಗದಿದ್ದರೆ ಅಲ್ಲಿನ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಎಂಬ ಗ್ರಾಹಕರ ರಕ್ಷಣೆಯ ವಿಭಾಗಕ್ಕೆ ದೂರು ಕೊಡಬಹುದು. ಪ್ರತಿ ಏಜೆಂಟರೂ ಒಂದು ದೂರು ಪರಿಹಾರ ಸಂಸ್ಥೆಯ ಸದಸ್ಯರಾಗಿರಲೇಬೇಕು, ಅಲ್ಲಿಗೂ ಹೋಗಬಹುದು.

ಈಗ ಫೇಲ್ ಆದ ವಿಷಯ. ಸಂಬಳ ಕಮ್ಮಿಯಾಯಿತು ಎಂದು ನನಗನ್ನಿಸುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ತಿಂಗಳ ಬಾಡಿಗೆಯ 30 ಪಟ್ಟು ವಾರ್ಷಿಕ ಸಂಬಳ ಇರಬೇಕು ಎನ್ನುತ್ತಾರೆ. 900ರ 30 ಪಟ್ಟು 27,000. ಮಗಳದು 29,000. ಇಲ್ಲಿ ಪಾಸಾಗಿದ್ದಾಳೆ. ಎಡವಿದ್ದು ಬಹುಶಃ ಕ್ರೆಡಿಟ್ ಫೈಲಿನಲ್ಲಿ, ಅಂದರೆ ಸಾಲ ಮತ್ತು ಮರುಪಾವತಿಯ ದಾಖಲೆಯಲ್ಲಿ. ಸಾಲ ತೀರಿಸದೆ ಕೋರ್ಟ್ ತೀರ್ಪಾಗಿದ್ದರೆ ಅದು ಆರು ವರ್ಷ ಕಾಣಿಸುತ್ತದೆ. ದಿವಾಳಿ ಆಗಿದ್ದರೆ ಅದೂ ಕಾಣಿಸುತ್ತದೆ. ನಿಮ್ಮ ಮಗಳಿಗೆ ಅಂಥದ್ದೇನೂ ಇಲ್ಲ. ಅವಳ ಫೈಲಿನಲ್ಲಿ ಏನೂ ಇಲ್ಲ, ಅದೇ ಸಮಸ್ಯೆ. ಖಾಲಿ ಫೈಲು ಬೇರೆ, ಕೆಟ್ಟ ಫೈಲು ಬೇರೆ. ಕಂಪ್ಯೂಟರು ಎರಡಕ್ಕೂ ಒಮ್ಮೊಮ್ಮೆ ಒಂದೇ ಕೆಂಪು ಗುರುತು ಹಾಕುತ್ತದೆ, ಏಜೆಂಟರು ಅದನ್ನು ಬಿಡಿಸಿ ನೋಡುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ನಮ್ಮವರಿಗೆ ಇನ್ನೊಂದು ತಾಪತ್ರಯ ಇದೆ, ಹೆಸರಿನದು. ಉದಾಹರಣೆಗೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಬ್ಯಾಂಕಿನಲ್ಲಿ ‘ಕಾವ್ಯಾ ಬಿ’. ಪೇ ಸ್ಲಿಪ್‌ನಲ್ಲಿ ‘ಕಾವ್ಯಾ ಬಸವರಾಜಪ್ಪ’. ನಮಗೆ ಮೂರೂ ಒಬ್ಬಳೇ ಹುಡುಗಿ, ಮೆಷೀನಿಗೆ ಮೂವರು. ಅರ್ಜಿಯಲ್ಲಿ ಹಿಂದಿನ ಮೂರು ವರ್ಷದ ವಿಳಾಸ ಕೇಳಿದಾಗಲೂ ಹೀಗೇ. ಲೆಸ್ಟರ್‌ನ ಹಾಸ್ಟೆಲ್ ವಿಳಾಸ ಬ್ಯಾಂಕಿನಲ್ಲಿ ಒಂದು ಥರ, ಅರ್ಜಿಯಲ್ಲಿ ಇನ್ನೊಂದು ಥರ ಇದ್ದರೆ ತಾಳೆಯಾಗುವುದಿಲ್ಲ. ಕಾಗದಗಳನ್ನೆಲ್ಲ ಒಂದು ಟೇಬಲ್ ಮೇಲೆ ಹರಡಿ, ಹೆಸರು ಎಲ್ಲೆಲ್ಲಿ ಹೇಗಿದೆ ಅಂತ ಸುಮ್ನೆ ಒಮ್ಮೆ ನೋಡಲು ಹೇಳಿ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್, ಅಲ್ಲಿ ಕ್ರೆಡಿಟ್ ಫೈಲು ಇಡುವ ಈ ಮೂರೂ ಸಂಸ್ಥೆಗಳ ಕಡೆ ತನ್ನ ರಿಪೋರ್ಟನ್ನು ಪುಕ್ಕಟೆ ತೆಗೆದುಕೊಳ್ಳಬಹುದು. ಏಜೆಂಟರು ಯಾವ ಸಂಸ್ಥೆಯಿಂದ ಮಾಹಿತಿ ತರಿಸಿದರು ಅಂತಲೂ ಕೇಳಲಿ.

ಖಾಲಿ ಫೈಲು ತುಂಬಲು ಒಂದು ಸುಲಭದ ದಾರಿ ಇದೆ. ಇಲ್ಲಿಂದ ಹೋದ ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಅಲ್ಲಿ ವಾಸವಿರುವ ಭಾರತೀಯರು ಅಲ್ಲಿನ ಮತದಾರರ ಪಟ್ಟಿಗೆ ಸೇರಬಹುದು, ವಿದ್ಯಾರ್ಥಿಗಳು ಕೂಡ. ಕ್ರೆಡಿಟ್ ಸಂಸ್ಥೆಗಳು ವಿಳಾಸ ಖಚಿತ ಮಾಡಿಕೊಳ್ಳಲು ಮೊದಲು ನೋಡುವುದೇ ಆ ಪಟ್ಟಿಯನ್ನು. ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರಾಯಿತು, ದುಡ್ಡು ಕೊಡಬೇಕಿಲ್ಲ. ಇದರ ಜೊತೆಗೆ ಲೆಸ್ಟರ್‌ನ ಹಾಸ್ಟೆಲ್‌ನವರಿಂದ ‘ಬಾಡಿಗೆ ಸರಿಯಾಗಿ ಕಟ್ಟಿದ್ದಾಳೆ’ ಎಂಬ ಪತ್ರ, ಕಂಪನಿಯ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿರಲಿ. ಅರ್ಜಿ ಹಾಕುವ ಮೊದಲೇ ‘ನನ್ನ ಕ್ರೆಡಿಟ್ ಹಿಸ್ಟರಿ ಚಿಕ್ಕದು, ಬದಲಿಗೆ ಇವು ನಡೆಯುತ್ತವಾ?’ ಎಂದು ಕೇಳಿಬಿಡಲಿ.

ನಿಮ್ಮ 812 ಒಳ್ಳೆಯ ಸ್ಕೋರೇ. ಆದರೆ ಅದು ಸಮುದ್ರ ದಾಟುವುದಿಲ್ಲ. ಅಲ್ಲಿನ ಏಜೆಂಟರು ಸಾಮಾನ್ಯವಾಗಿ ಅದನ್ನು ತೆರೆದು ನೋಡುವುದಿಲ್ಲ. ಬಾಡಿಗೆ ನಿಂತುಹೋದರೆ ಶಿವಮೊಗ್ಗದ ಕೋರ್ಟಿಗೆ ಅಲೆದು ವಸೂಲಿ ಮಾಡುವ ಉಸಾಬರಿ ಯಾರಿಗೂ ಬೇಡ. ಅದಕ್ಕೇ ಜಾಮೀನುದಾರರು ಬ್ರಿಟನ್ನಿನಲ್ಲೇ ಇರಬೇಕು ಎನ್ನುತ್ತಾರೆ.

ಇದು ತಾತ್ಸಾರವೇ ಎಂದು ಕೇಳಿದ್ದೀರಿ. ಎಲ್ಲರಿಗೂ ಇದೇ ಕಾಗದ ಕೇಳಿದ್ದರೆ ಅಲ್ಲ. ‘ಭಾರತದವರಿಗೆ ಕೊಡುವುದಿಲ್ಲ’ ಎಂದಿದ್ದರೆ 2010ರ ಸಮಾನತೆ ಕಾಯ್ದೆಯ ಪ್ರಕಾರ ಕ್ರಿಮಿನಲ್ ಅಪರಾಧ ಅಲ್ಲದಿದ್ದರೂ ಕಾನೂನುಬಾಹಿರ, ಪರಿಹಾರ ಕೇಳಬಹುದು. (ಬೆಂಗಳೂರಿನಲ್ಲಿ ‘ವೆಜ್ಜಾ, ನಾನ್‌ವೆಜ್ಜಾ? ಯಾವ ಜನ?’ ಎಂದು ಕೇಳಿಸಿಕೊಂಡು, ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಈ ಕಾಗದದ ಕಾಟವೇ ವಾಸಿ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಅಡ್ವಾನ್ಸ್ ಥರದ ಭದ್ರತಾ ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ದಾಟುವಂತಿಲ್ಲ.)

ಭಾವಮೈದನವರ ಸಲಹೆ ಹಳತಾಯಿತು. ಹಿಂದೆ ಆರು ತಿಂಗಳದ್ದು ಒಟ್ಟಿಗೆ ಕೊಟ್ಟು ಮನೆ ಹಿಡಿದವರು ಬೇಕಾದಷ್ಟು ಜನ ಇದ್ದಾರೆ. 2025ರ ‘ರೆಂಟರ್ಸ್ ರೈಟ್ಸ್ ಆ್ಯಕ್ಟ್’ ಪ್ರಕಾರ 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಅದಕ್ಕೆ ತಡೆ. ಸಹಿಗೆ ಮೊದಲು ಬಾಡಿಗೆ ಕೇಳುವಂತಿಲ್ಲ, ನೀವಾಗಿ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಸಹಿಯಾದ ಮೇಲೆ, ಮನೆಗೆ ಹೋಗುವ ಮುಂಚೆ ಕೇಳಬಹುದಾದದ್ದು ಒಂದು ತಿಂಗಳದ್ದು ಮಾತ್ರ.

ಪೇ ಸ್ಲಿಪ್ ‘ಸರಿಮಾಡುವ’ ಪುಣ್ಯಾತ್ಮರನ್ನು ಮನೆ ಹತ್ತಿರವೂ ಸೇರಿಸಬೇಡಿ. ತಪಾಸಣೆ ಮಾಡುವವರು ಕಂಪನಿಯ ಎಚ್‌ಆರ್‌ಗೇ ಬರೆದು ಕೇಳುತ್ತಾರೆ. ಬ್ಯಾಂಕಿಗೆ ಬಂದ ಸಂಬಳವನ್ನೂ ನೋಡುತ್ತಾರೆ. ಸಿಕ್ಕಿಬಿದ್ದರೆ ಕೊಟ್ಟ ಹೋಲ್ಡಿಂಗ್ ಡೆಪಾಸಿಟ್ ಕಾನೂನುಬದ್ಧವಾಗಿಯೇ ಹೋಗುತ್ತದೆ, ವಂಚನೆಯ ಆರೋಪ ಬೇರೆ. ಅಷ್ಟಕ್ಕೂ ಅವಳ ನಿಜವಾದ ಸಂಬಳವೇ ಸಾಕಾಗುತ್ತದಲ್ಲ!

ಇಷ್ಟಾಗಿಯೂ ಜಾಮೀನು ಕೇಳಿದರೆ, ಶುಲ್ಕ ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳು ಅಲ್ಲಿವೆ. ಅಲ್ಲೇ ನೆಲೆಸಿದ ನೆಂಟರನ್ನು ಕೇಳುವುದಾದರೆ ಜಾಮೀನು ಪತ್ರವನ್ನು ಅವರು ಪೂರ್ತಿ ಓದಿಯೇ ಸಹಿ ಹಾಕಲಿ. ಮಗಳು ಬೇರೆಯವರ ಜೊತೆ ಸೇರಿ ಮನೆ ಹಿಡಿದರೆ, ಎಷ್ಟೋ ಪತ್ರಗಳಲ್ಲಿ ಇಡೀ ಮನೆಯ ಬಾಡಿಗೆಗೂ ಜಾಮೀನುದಾರರೇ ಹೊಣೆ ಎಂದಿರುತ್ತದೆ. ‘ಮಗಳ ಪಾಲಿಗೆ ಮಾತ್ರ’ ಎಂದು ಬರೆಸಿಕೊಳ್ಳಲು ಹೇಳಿ.