ಮೊದ್ಲು ವಿಭೂತಿ ಅಳಿಸ್ಬೇಡಿ

"ಮನೇಲಿ ಪೂಜೆ ಪುನಸ್ಕಾರ ಜಾಸ್ತಿ, ಆದ್ರೆ ಎಲ್ಲ ಧರ್ಮದವರ ಹಕ್ಕಿಗಾಗಿ ಕೆಲಸ ಮಾಡ್ಬೇಕು ಅಂತಿದ್ದೀನಿ, ನನ್ನ ನಂಬಿಕೆ ಮೊದ್ಲು ಪಕ್ಕಕ್ಕಿಡ್ಬೇಕಾ" ಅಂತ ಕೇಳಿದ್ದೀರಿ. ನಾನು ಇಟ್ಟಿದ್ದೆ. ದಂಡ ತೆತ್ತಿದ್ದು ಮಾತ್ರ ನನ್ನ ಗೆಳೆಯ.

ನಮ್ದು ಶಿಗ್ಗಾಂವಿ ಕಡೆ ಹಳ್ಳಿ, ಲಿಂಗಾಯತರ ಮನೆ. ನಮ್ಮಜ್ಜಿ ಲಿಂಗಪೂಜೆ ಆಗದೆ ಚಹಾನೂ ಕುಡೀತಿರ್ಲಿಲ್ಲ. ಅದೇ ಅಜ್ಜಿ ಮೊಹರಂ ಬಂತಂದ್ರೆ ಹಣೆ ತುಂಬ ವಿಭೂತಿ ಇಟ್ಕೊಂಡೇ ಅಲಾಯಿ ದೇವ್ರಿಗೆ, ಅಂದ್ರೆ ಮೊಹರಂ ಪಂಜಾಗಳಿಗೆ, ಸಕ್ಕರೆ ಓದಿಸೋಕೆ ಹೋಗೋಳು. ನಂಗೆ ಹುಷಾರಿಲ್ದಾಗ ಹರಕೆ ಹೊತ್ತು ಒಂದ್ವರ್ಷ ಫಕೀರನ್ನೂ ಮಾಡಿದ್ಳು, ಕೊರಳಲ್ಲಿ ಲಿಂಗದ ಜೊತೆ ಕೆಂಪು ಲಾಡಿ. ನಮ್ಮ ಕಡೆ ಇದೇನು ವಿಶೇಷ ಅಲ್ಲ. ಶಿಶುನಾಳ ನಮ್ಮ ತಾಲ್ಲೂಕೇ, ಷರೀಫಜ್ಜ ಮುಸ್ಲಿಂ, ಅವರ ಗುರು ಗೋವಿಂದ ಭಟ್ಟರು, ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯೋರು ನಡ್ಕೋತಾರೆ. "ಅವ್ರ ದೇವ್ರು ಓಣ್ಯಾಗ ಬಂದಾಗ ನೀರ ಹಾಕದ ಒಳಗ ಕುಂದರಬೇಕೇನ?" ಅನ್ನೋಳು ಅಜ್ಜಿ.

ಬೆಂಗ್ಳೂರಿಗೆ ಬಂದ್ಮೇಲೆ ಒಂದು ಸೌಹಾರ್ದದ ಗುಂಪು ಸೇರ್ಕೊಂಡೆ. ಅಲ್ಲಿ ಎಲ್ರಿಗಿಂತ ನ್ಯೂಟ್ರಲ್ ಅನ್ನಿಸ್ಕೊಳ್ಳೋ ಹುಚ್ಚು ನಂಗೆ. ವಿಭೂತಿ ಬಿಟ್ಟೆ, ಲಿಂಗ ಬ್ಯಾಗಿಗೆ ಹೋಯ್ತು, ಯಾರಾದ್ರೂ ಕೇಳಿದ್ರೆ "ಮಾನವ ಧರ್ಮ" ಅನ್ನೋದು. ಈಗ ನೆನೆಸ್ಕೊಂಡ್ರೆ ಮೈಯೆಲ್ಲ ಮುಳ್ಳು.

ಆಗ ಆಫೀಸಿನ ಗೆಳೆಯನಿಗೆ ಮನೆ ಸಿಗ್ತಿರ್ಲಿಲ್ಲ, ಕಲಬುರಗಿಯ ಮುಸ್ಲಿಂ ಹುಡುಗ. ಫೋನಲ್ಲಿ ಮನೆ ಖಾಲಿ ಅಂತಿದ್ದೋರು ಹೆಸರು ಕೇಳಿದ ತಕ್ಷಣ "ನಿನ್ನೇನೇ ಕೊಟ್ಬಿಟ್ವಿ" ಅನ್ನೋರು. ನಾನೊಂದು ಐಡಿಯಾ ಮಾಡ್ದೆ, ಹನ್ನೊಂದು ತಿಂಗಳ ಅಗ್ರಿಮೆಂಟ್ ನನ್ನ ಹೆಸರಲ್ಲಿ, ಹತ್ತು ತಿಂಗಳ ಅಡ್ವಾನ್ಸ್ ಅವನ ದುಡ್ಡು, ಓನರ್ ಹತ್ರ "ನಮ್ಮೂರ ಹುಡುಗ ಸಾರ್, ಜೊತೇಲಿರ್ತಾನೆ" ಅಂತ ಅವನಿಗೊಂದು ಬೇರೆ ಹೆಸರೂ ಹೇಳ್ಬಿಟ್ಟೆ. ಎರಡೇ ತಿಂಗಳಿಗೆ ಅವನ ಅಮ್ಮಿ ಬುರ್ಖಾ ಹಾಕ್ಕೊಂಡು ಊರಿಂದ ಬಂದ್ರು. ಓನರ್ ಏನಂದ ಗೊತ್ತಾ? "ನಂಗೆ ಯಾವ ಜಾತಿಯೂ ಪ್ರಾಬ್ಲಂ ಇಲ್ಲ, ಸುಳ್ಳು ಹೇಳೋರಿಗೆ ಮನೆ ಕೊಡಲ್ಲ." ಇದಕ್ಕೆ ಏನಂತ ಉತ್ತರ ಕೊಡ್ತೀರಿ? ಇಷ್ಟು ದಿನ ತಪ್ಪು ಮನೆ ಕೊಡದೋರದ್ದಾಗಿತ್ತು, ನಾನು ಸುಳ್ಳು ಹೇಳಿ ಅದನ್ನ ಎತ್ತಿ ನಮ್ಮ ತಲೆ ಮೇಲೇ ಇಟ್ಕೊಂಡೆ, ಇನ್ನು ಜಗಳ ಆಡೋಕೂ ಬಾಯಿ ಇಲ್ಲ, ಅಗ್ರಿಮೆಂಟಲ್ಲಿ ಅವನ ಹೆಸರೇ ಇಲ್ಲ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ. ಅಮ್ಮಿ ಬಂದ ವಾರಕ್ಕೇ ಸಾಮಾನು ಕಟ್ಟಿದ್ರು. ಗೆಳೆಯ ಬೈಲಿಲ್ಲ, "ಒಂದ್ಮಾತು ನನ್ನ ಕೇಳ್ಬೇಕಿತ್ತು, ನನ್ನ ಹೆಸರು ಮುಚ್ಚಿಡೋಂಥದ್ದಾ?" ಅಂದ, ಅಷ್ಟೇ. ನನ್ನ ಧರ್ಮ ಬ್ಯಾಗಲ್ಲಿ ಹಾಕಿ ರೂಢಿ ಆಗಿತ್ತಲ್ಲ, ಅವನದ್ದನ್ನೂ ಹಾಗೇ ಬ್ಯಾಗಿಗೆ ಹಾಕಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ನಂಗೆ ಒಪ್ಪಿಗೆ ಇಲ್ಲ. ಸಂವಿಧಾನದ 25ನೇ ವಿಧಿ ಕೂಡ ಧರ್ಮವನ್ನ ಬಹಿರಂಗವಾಗಿ ಹೇಳ್ಕೊಂಡು ಆಚರಿಸೋ ಹಕ್ಕು ಕೊಡತ್ತೆ, ಬಚ್ಚಿಟ್ಕೊಂಡು ಬದುಕೋ ಹಕ್ಕಲ್ಲ. ಶ್ರವಣಬೆಳಗೊಳಕ್ಕೆ ಹೋದ್ರೆ ಬುಕ್ಕರಾಯನ 1368ರ ಶಾಸನ ನೋಡಿ, ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿದಾಗ ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ, ಜೈನರಿಗೆ ಪಂಚಮಹಾವಾದ್ಯ, ಕಳಶ ಮೊದಲಿನಂತೆ ಸಲ್ಲುತ್ತೆ ಅಂದ. ವಾದ್ಯ ಸ್ವಲ್ಪ ಮೆಲ್ಲಗೆ ಬಾರಿಸ್ಕೊಳ್ಳಿ ಅನ್ನಲಿಲ್ಲ ನೋಡಿ.

ನಿಮ್ಮ ಮನೆಯೋರು ಬೇರೆಯವರನ್ನ ಹತ್ರ ಬಿಟ್ಕೊಳ್ದೆ ಇರೋರಾದ್ರೆ ಅದು ಬೇರೆ ಜಗಳ, ಮನೇಲೇ ಆಡ್ಬೇಕು. ಆದ್ರೆ ಪೂಜೆ ಮಾಡ್ತೀನಿ ಅನ್ನೋ ಕಾರಣಕ್ಕೆ ನಾಚ್ಕೋಬೇಡಿ, ಮತ್ತೆ ಯಾರ ಪರ ನಿಲ್ತೀರೋ ಅವರನ್ನ ಕೇಳ್ದೆ ಏನೂ ಮಾಡ್ಬೇಡಿ.

ಈಗ್ಲೂ ಮನೆ ಹುಡುಕಿ ಕೊಡ್ತೀನಿ, ವಿಭೂತಿ ಇಟ್ಕೊಂಡೇ ಹೋಗ್ತೀನಿ, ಮನೆ ಬೇಕಾದೋರು ಒಪ್ಪಿದ್ರೆ ಮೊದಲ ಫೋನಲ್ಲೇ ಅವರ ಹೆಸರು ಹೇಳ್ತೀನಿ. ತುಂಬ ಜನ ಕಟ್ ಮಾಡ್ತಾರೆ. ಹೋದ ತಿಂಗಳು ಒಬ್ರು ಓನರಮ್ಮ ನನ್ನ ಹಣೆ ನೋಡಿ, ಪಕ್ಕದಲ್ಲಿದ್ದ ಮುಸ್ಲಿಂ ದಂಪತೀನ ನೋಡಿ, "ಶನಿವಾರ ಒಂದಿನ ನಾನ್‌ವೆಜ್ ಬೇಡಪ್ಪ" ಅಂದ್ರು. ನಾನು ಉತ್ತರ ಕೊಡಲಿಲ್ಲ, ಆ ದಂಪತಿ ಕಡೆ ತಿರುಗಿದೆ. ಆಕೆ ಸ್ವಲ್ಪ ಯೋಚ್ನೆ ಮಾಡಿ "ಮೊಟ್ಟೆ ನಡೆಯುತ್ತಾ ಆಂಟಿ?" ಅಂದ್ರು.